ವಾಲ್ವ್ ಸ್ಪ್ರಿಂಗ್ ಬಿಚ್ಚುವ ಸಲಕರಣೆ: ಯಾವುದನ್ನು ಕೊಳ್ಳಬೇಕು?

ನಮ್ಮ ಸದಸ್ಯರಲ್ಲಿ ಅನೇಕರ ಅಂಗಳದಲ್ಲಿ ಇಂದಿಗೂ ಒಂದು ಹಳೆಯ ಜೀಪೋ, ಅಂಬಾಸಿಡರೋ, ಮಾರುತಿ 800 ಗಾಡಿಯೋ ನಿಂತಿರುತ್ತದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ತೋಟದ ರಸ್ತೆಯಲ್ಲಿ ಅವುಗಳ ಓಡಾಟ ಮಾತ್ರ ನಿಂತಿಲ್ಲ. ಆದರೆ ಇಂಥ ಎಂಜಿನ್‌ಗಳ ಹೆಡ್ ಬಿಚ್ಚಿ ಕೆಲಸ ಮಾಡುವ ಹಳೆಯ ಮೇಸ್ತ್ರಿಗಳು ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಸಣ್ಣಪುಟ್ಟ ರಿಪೇರಿಯನ್ನು ತಮ್ಮ ಷೆಡ್ಡಿನಲ್ಲಿಯೇ ಮಾಡಿಕೊಳ್ಳುವ ಸದಸ್ಯರು ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರು ಸಂಘದ ಕಚೇರಿಗೆ ಬಂದು, ವಾಲ್ವ್ ಸ್ಪ್ರಿಂಗ್ ಬಿಚ್ಚುವ ಸಲಕರಣೆಯನ್ನು ತರಿಸಿಕೊಡಿರೆಂದು ಕೇಳಿದ್ದಾರೆ. ಯಾವ ಬಗೆಯದು ಬೇಕೆಂದು ನಾವು ತಿರುಗಿ ಕೇಳಿದರೆ, ಎಲ್ಲ ಗಾಡಿಗೂ ಆಗುವಂಥದ್ದು ಎಂಬ ಉತ್ತರ ಬರುತ್ತದೆ.

ಎಲ್ಲ ಗಾಡಿಗೂ ಆಗುವ ಸಲಕರಣೆ ಎಂಬುದೊಂದಿಲ್ಲ. ಡಬ್ಬಿಯ ಮೇಲೆ ಹಾಗೆಂದು ಅಚ್ಚಾಗಿರಬಹುದು. ಕೊಂಡು ತಂದ ಮೇಲೆ ಅದು ನಮ್ಮ ಎಂಜಿನ್‌ಗೆ ಹಿಡಿಯದಿದ್ದರೆ, ಗಾಡಿ ಹೆಡ್ ಬಿಚ್ಚಿಕೊಂಡು ಕೊಯ್ಲಿನ ಕಾಲದಲ್ಲಿ ಷೆಡ್ಡಿನಲ್ಲಿಯೇ ಉಳಿಯುತ್ತದೆ. ಅರೆಬರೆ ಹಿಡಿದರೆ ಕಷ್ಟ ಇನ್ನೂ ಹೆಚ್ಚು. ಕಣ್ಣಿಗೂ ಎಂಜಿನ್‌ಗೂ ಅಪಾಯ. ಹೀಗಾಗಿ ಯಾವ ಎಂಜಿನ್‌ಗೆ ಯಾವ ಬಗೆ ತಕ್ಕುದು, ಕೊಳ್ಳುವ ಮುನ್ನ ಏನನ್ನು ಅಳೆದು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಅಂಗಡಿಗಳಲ್ಲಿ ಈ ಸಲಕರಣೆಗೆ ವಾಲ್ವ್ ಲಿಫ್ಟರ್ ಎಂದೂ ಸ್ಪ್ರಿಂಗ್ ಕಂಪ್ರೆಸರ್ ಎಂದೂ ಹೆಸರು. ಗಾಳಿಯ ಕಂಪ್ರೆಸರಿನೊಡನೆ ಗೊಂದಲವಾಗದಂತೆ ನಾವು ಲಿಫ್ಟರ್ ಎಂದೇ ಕರೆಯುತ್ತೇವೆ.

ಸ್ಪ್ರಿಂಗಿನ ಕೆಲಸ

ವಾಲ್ವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಂದು ಬಾರಿ ತೆರೆದು ಮುಚ್ಚಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಒಂದೊಂದು ಸ್ಪ್ರಿಂಗೂ ನಿಮಿಷಕ್ಕೆ 1500 ಬಾರಿ, ಅಂದರೆ ಸೆಕೆಂಡಿಗೆ 25 ಬಾರಿ ಕುಗ್ಗಿ ಹಿಗ್ಗುತ್ತದೆ. ವರ್ಷಾನುಗಟ್ಟಲೆ ಹೀಗೆ ದುಡಿದ ಸ್ಪ್ರಿಂಗ್ ಕ್ರಮೇಣ ಗಿಡ್ಡವಾಗುತ್ತದೆ, ಬಲ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ತುಂಡಾಗುವುದೂ ಉಂಟು.

ಸ್ಪ್ರಿಂಗಿನ ತಲೆಯ ಮೇಲೆ ಬಟ್ಟಲಿನಂಥ ರಿಟೇನರ್ ಕೂತಿರುತ್ತದೆ. ರಿಟೇನರಿನ ನಡುವೆ ಇಳಿಜಾರಾದ ರಂಧ್ರ. ಆ ರಂಧ್ರದಲ್ಲಿ ಎರಡು ಅರ್ಧ ಹೋಳುಗಳಾದ ಲಾಕ್. ಮೇಸ್ತ್ರಿಗಳಲ್ಲಿ ಕೆಲವರು ಇದಕ್ಕೆ ಕಾಟರ್ ಎನ್ನುತ್ತಾರೆ. ಲಾಕಿನ ಒಳಮೈಯ ಏಣು ವಾಲ್ವಿನ ದಂಡದ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗ್ ಮೇಲಕ್ಕೆ ಒತ್ತಿದಷ್ಟೂ ಲಾಕ್ ಬಿಗಿಯಾಗುತ್ತದೆ. ಕೊಡಲಿಯ ಕಾವಿಗೆ ಹೊಡೆದ ಬೆಣೆಯ ಹಾಗೆ. ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿಯೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಈ ಒತ್ತಡ ಸುಮಾರು 25 ಕಿಲೋಗ್ರಾಮ್ ಇರುವುದುಂಟು. ಒತ್ತಿ ಕುಗ್ಗಿಸುವಾಗ ಅದು ಇನ್ನೂ ಏರುತ್ತದೆ.

ಇದರಿಂದ ಲಿಫ್ಟರ್ ಮಾಡಬೇಕಾದ ಕೆಲಸಗಳು ಮೂರು ಎಂದು ತಿಳಿಯುತ್ತದೆ. ವಾಲ್ವ್ ಕೆಳಕ್ಕೆ ಜಾರದಂತೆ ಅದಕ್ಕೆ ಆಧಾರ ಕೊಡಬೇಕು, ಇಲ್ಲವೆ ಆ ಆಧಾರವನ್ನು ನಾವು ಬೇರೆ ರೀತಿಯಿಂದ ಒದಗಿಸಬೇಕು. ರಿಟೇನರನ್ನು ಓರೆಯಾಗದಂತೆ ನೇರವಾಗಿ ಒತ್ತಬೇಕು. ಒತ್ತಿ ಹಿಡಿದಿರುವಾಗ ಲಾಕನ್ನು ಹೊರತೆಗೆಯಲು ಕಿಂಡಿ ಬಿಟ್ಟಿರಬೇಕು. ಯಾವುದೇ ಲಿಫ್ಟರನ್ನು ಕೈಗೆತ್ತಿಕೊಂಡರೂ ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಅರ್ಧ ಆಯ್ಕೆ ಮುಗಿಯಿತು.

ಮೊದಲ ಪ್ರಶ್ನೆ: ಹೆಡ್ ಕೆಳಗಿಳಿಸಬೇಕೆ?

ಅಂಗಡಿಗೆ ಹೋಗುವ ಮುನ್ನ ಇದು ತೀರ್ಮಾನವಾಗಬೇಕು. ರೋಗ ಯಾವುದೆಂದು ತಿಳಿಯದೆ ಔಷಧಿ ಕೊಳ್ಳಬಾರದು.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಗೇರಿನಲ್ಲಿ ಘಾಟಿ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದೊಡನೆ ಪೆಟ್ರೋಲ್ ಗಾಡಿಯ ಹಿಂದೆ ನೀಲಿ ಹೊಗೆ ಎದ್ದರೆ ಮೊದಲ ಸಂಶಯ ವಾಲ್ವಿನ ಆಯಿಲ್ ಸೀಲ್ ಮತ್ತು ಗೈಡಿನ ಮೇಲೆ ಬರಬೇಕು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುವಾಗ ಒಳಗಿನ ನಿರ್ವಾತ ಹೆಚ್ಚಾಗಿ, ಸವೆದ ಸೀಲಿನ ಮೂಲಕ ಎಣ್ಣೆಯನ್ನು ಕೆಳಕ್ಕೆ ಎಳೆಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ ಒಂದು ಬುಗ್ಗೆ ಹೊಗೆ ಬಿಟ್ಟು ಸುಮ್ಮನಾದರೂ ಕಾರಣ ಬಹುಮಟ್ಟಿಗೆ ಅದೇ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಿಡುತ್ತಿದ್ದರೆ ಪಿಸ್ಟನ್ ರಿಂಗುಗಳನ್ನು ಸಂಶಯಿಸಬೇಕು. ಅದಕ್ಕೆ ಲಿಫ್ಟರ್ ಒಂದರಿಂದಲೇ ಪರಿಹಾರವಿಲ್ಲ. ನಿಧಾನದಲ್ಲಿ ಸರಿಯಾಗಿ ಓಡುವ ಎಂಜಿನ್ ವೇಗ ಹೆಚ್ಚಿದಾಗ ಮಾತ್ರ ತಡವರಿಸಿದರೆ, ಇಗ್ನಿಷನ್ ಮತ್ತು ಪೆಟ್ರೋಲ್ ಹರಿವನ್ನು ನೋಡಿಕೊಂಡ ಮೇಲೆ, ಸ್ಪ್ರಿಂಗ್ ಬಲಗುಂದಿರುವುದನ್ನು ಯೋಚಿಸಬೇಕು. ಒಂದು ಸಿಲಿಂಡರ್ ಸತ್ತು ಮೇಲಿನಿಂದ ಟಕಟಕ ಸದ್ದು ಬಂದರೆ ಕವರ್ ತೆಗೆದು ನೋಡಿ. ಹೆಡ್ಡಿನ ಮೇಲಿರುವ ಸ್ಪ್ರಿಂಗ್ ತುಂಡಾಗಿದ್ದರೆ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ.

ಬಳಿಕ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳತೆ ಮಾಡಿಸಿ. ಎಲ್ಲವೂ ಸಮನಾಗಿ, ಕೈಪಿಡಿಯ ಮಿತಿಯೊಳಗೆ ಇದ್ದರೆ ವಾಲ್ವುಗಳು ಸರಿಯಾಗಿ ಕೂರುತ್ತಿವೆ ಎಂದು ಅರ್ಥ. ಸೀಲ್ ಮತ್ತು ಸ್ಪ್ರಿಂಗ್ ಮಾತ್ರ ಬದಲಿಸಲು ಹೆಡ್ ಇಳಿಸುವ ಅಗತ್ಯವಿಲ್ಲ. ಒಂದು ಸಿಲಿಂಡರಿನಲ್ಲಿ ಒತ್ತಡ ಬಿದ್ದುಹೋಗಿದ್ದು, ಅದು ವಾಲ್ವಿನ ಮೂಲಕವೇ ಸೋರುತ್ತಿದ್ದರೆ ವಾಲ್ವ್ ಉಜ್ಜುವುದೋ ಬದಲಿಸುವುದೋ ಅನಿವಾರ್ಯ. ಆಗ ಹೆಡ್ ಇಳಿಯಲೇಬೇಕು. ಈ ಒಂದು ತೀರ್ಮಾನವೇ ಯಾವ ಲಿಫ್ಟರ್ ಎಂಬುದನ್ನು ಹೇಳಿಬಿಡುತ್ತದೆ.

ಲಿಫ್ಟರ್‌ಗಳ ಬಗೆಗಳು

1. ಸಿ-ಕ್ಲಾಂಪ್. ಹೆಡ್ಡನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟು ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದು ತುದಿ ವಾಲ್ವಿನ ಮುಖದ ನಡುಮಧ್ಯಕ್ಕೆ ಆನಿಸುತ್ತದೆ, ಇನ್ನೊಂದು ತುದಿಯ ಕವೆಯೋ ಕಿಂಡಿಯುಳ್ಳ ಬಟ್ಟಲೋ ರಿಟೇನರನ್ನು ಒತ್ತುತ್ತದೆ. ನಾವು ಹೇಳಿದ ಮೂರು ಕೆಲಸಗಳನ್ನೂ ಇದೊಂದೇ ಮಾಡುತ್ತದೆ. ಇದರಲ್ಲಿ ಎರಡು ಉಪಜಾತಿ: ಸ್ಕ್ರೂ ತಿರುಗಿಸಿ ಒತ್ತುವುದು ಮತ್ತು ಸನ್ನೆಯನ್ನು ಒಮ್ಮೆಲೇ ಮಡಚಿ ಒತ್ತುವುದು. ಸನ್ನೆಯದು ಬೇಗ, ದಿನವೂ ಇದೇ ಕೆಲಸ ಮಾಡುವವರಿಗೆ ಹಿತ. ಸ್ಕ್ರೂವಿನದು ನಿಧಾನ, ಆದರೆ ಎಷ್ಟು ಬೇಕೋ ಅಷ್ಟೇ ಒತ್ತಬಹುದು. ಕೈ ಜಾರಿದರೂ ಸ್ಪ್ರಿಂಗ್ ಚಿಮ್ಮುವುದಿಲ್ಲ. ವರ್ಷಕ್ಕೊಮ್ಮೆ ಬಳಸುವ ಬೆಳೆಗಾರನಿಗೆ ಸ್ಕ್ರೂವಿನದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

2. ಹೆಡ್ ಇಳಿಸದೆ ಬಳಸುವ ಸನ್ನೆ. ಇದೊಂದು ಕವೆಯುಳ್ಳ ಉದ್ದ ಹಿಡಿ. ರಾಕರ್ ಶಾಫ್ಟಿನ ಸ್ಟಡ್ಡಿಗೋ, ಬೋಲ್ಟಿಗೋ, ಹೆಡ್ಡಿನ ಮೇಲೆ ಬಿಗಿದ ಅಡ್ಡಪಟ್ಟಿಗೋ ಆಧಾರ ಕೊಟ್ಟು ರಿಟೇನರನ್ನು ಕೆಳಕ್ಕೆ ಒತ್ತುತ್ತದೆ. ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್‌ನಂಥ ಪುಷ್ ರಾಡ್ ಎಂಜಿನ್‌ಗಳಲ್ಲಿ ರಾಕರ್ ಜೋಡಣೆಯನ್ನು ತೆಗೆದರೆ ಸ್ಪ್ರಿಂಗ್ ಎದುರಿಗೇ ಸಿಗುತ್ತದೆ. ಇಂಥ ಕಡೆ ಇದು ಸಲೀಸು. ಆರು ವಾಲ್ವಿನ ಹಳೆಯ ಮಾರುತಿ 800ರಲ್ಲಿ ಕ್ಯಾಮ್ ಹೆಡ್ಡಿನಲ್ಲಿಯೇ ಇರುವುದರಿಂದ ರಾಕರ್ ಶಾಫ್ಟುಗಳನ್ನು ಎಳೆದು ಜಾಗ ಮಾಡಿಕೊಳ್ಳಬೇಕು.

3. ಎರಡು ಕೊಕ್ಕೆಯ ಸ್ಕ್ರೂ ಬಗೆ. ಇದು ಸ್ಪ್ರಿಂಗಿನ ಸುರುಳಿಗಳಿಗೇ ಎರಡು ಕಡೆ ಕೊಕ್ಕೆ ಹಾಕಿ, ನಡುವಿನ ಸ್ಕ್ರೂವಿನಿಂದ ರಿಟೇನರನ್ನು ಒತ್ತುತ್ತದೆ. ಬೆಲೆ ಕಡಿಮೆ, ಜಾಗವೂ ಕಡಿಮೆ ಸಾಕು. ಆದರೆ ಸುರುಳಿಗಳ ನಡುವೆ ಕೊಕ್ಕೆ ಇಳಿಯುವಷ್ಟು ಸಂದು ಇರಬೇಕು. ಒತ್ತೊತ್ತಾದ ಸುರುಳಿಯಲ್ಲಿ ಅದು ಇಳಿಯುವುದಿಲ್ಲ, ಜೋಡಿ ಸ್ಪ್ರಿಂಗಿನಲ್ಲಿ ಹೊರಗಿನದನ್ನು ಮಾತ್ರ ಹಿಡಿಯುತ್ತದೆ. ಒಂದು ಕೊಕ್ಕೆ ಮೇಲೆ, ಒಂದು ಕೆಳಗೆ ಕೂತರೆ ರಿಟೇನರ್ ಓರೆಯಾಗಿ ಕೊಕ್ಕೆ ಜಾರುತ್ತದೆ.

4. ಪಕ್ಕದ ವಾಲ್ವಿನ ಇಕ್ಕಳ. ಹಳೆಯ ಪೆಟ್ರೋಲ್ ಜೀಪು ಇಟ್ಟುಕೊಂಡಿರುವವರು ಇದನ್ನು ಗಮನಿಸಬೇಕು. ಯುದ್ಧಕಾಲದ ವಿಲ್ಲೀಸ್ ಜೀಪಿನ ಎಂಜಿನ್‌ನಲ್ಲಿ ಎಲ್ಲ ವಾಲ್ವುಗಳೂ ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲಿ ಇದ್ದವು. ನಂತರ ಬಂದ ಹರಿಕೇನ್ ಎಂಜಿನ್‌ನಲ್ಲಿ ಒಳಬಿಡುವ ವಾಲ್ವುಗಳು ಹೆಡ್ಡಿಗೆ ಏರಿದವು, ಹೊಗೆಯ ವಾಲ್ವುಗಳು ಬ್ಲಾಕಿನಲ್ಲಿಯೇ ಉಳಿದವು. ನಮ್ಮ ದೇಶದಲ್ಲಿ ಮಹೀಂದ್ರಾ ತಯಾರಿಸಿದ ಪೆಟ್ರೋಲ್ ಜೀಪುಗಳಲ್ಲಿ ಬಂದದ್ದು ಈ ಹರಿಕೇನ್. ಅಂದರೆ ಒಂದೇ ಎಂಜಿನ್‌ಗೆ ಎರಡು ಬಗೆಯ ಲಿಫ್ಟರ್ ಬೇಕು. ಹೆಡ್ಡಿನ ವಾಲ್ವಿಗೆ ಸಿ-ಕ್ಲಾಂಪ್ ಸಾಕು. ಬ್ಲಾಕಿನ ವಾಲ್ವಿಗೆ, ಪಕ್ಕದ ಮುಚ್ಚಳ ಬಿಚ್ಚಿ, ಸ್ಪ್ರಿಂಗಿನ ಕೆಳಗೆ ತೂರಿಸಿ ಮೇಲಕ್ಕೆತ್ತುವ ಚಪ್ಪಟೆ ದವಡೆಯ ಇಕ್ಕಳವೇ ಆಗಬೇಕು. ಆ ಕೋಣೆಯ ತಳದಲ್ಲಿ ಎಣ್ಣೆ ಇಳಿಯುವ ತೂತುಗಳಿವೆ. ಕೆಲಸಕ್ಕೆ ಮುನ್ನ ಅವುಗಳಿಗೆ ಬಟ್ಟೆ ತುರುಕದಿದ್ದರೆ ಜಾರಿದ ಲಾಕ್ ನೇರವಾಗಿ ಎಣ್ಣೆಯ ತೊಟ್ಟಿಗೆ ಹೋಗುತ್ತದೆ. ಹಳೆಯ ವಿಲಿಯರ್ಸ್ ಮಾದರಿಯ ಪಂಪು ಎಂಜಿನ್‌ಗಳೂ ಪಕ್ಕದ ವಾಲ್ವಿನವೇ. ಅಲ್ಲಿಯೂ ಇದೇ ಜಾತಿಯ ಚಿಕ್ಕ ಇಕ್ಕಳ ಬೇಕಾಗುತ್ತದೆ.

5. ಆಳದ ಬಟ್ಟಲಿನ ಬಗೆ. ಆಲ್ಟೊ ಕೆ10ರಂಥ ಹೊಸ ಎಂಜಿನ್‌ಗಳಲ್ಲಿ ಎರಡು ಕ್ಯಾಮ್‌ಗಳು, ಅವುಗಳ ಕೆಳಗೆ ಬಕೆಟ್ ಆಕಾರದ ಟ್ಯಾಪೆಟ್‌ಗಳು ಇರುತ್ತವೆ. ಸ್ಪ್ರಿಂಗ್ ಒಂದು ಬಾವಿಯ ತಳದಲ್ಲಿ ಕೂತಂತೆ ಇರುತ್ತದೆ. ಸಾಮಾನ್ಯ ಕವೆ ಅಲ್ಲಿಗೆ ಇಳಿಯುವುದಿಲ್ಲ. ಕಿರಿದಾದ, ಉದ್ದವಾದ, ಪಕ್ಕದಲ್ಲಿ ಕಿಂಡಿಯುಳ್ಳ ಬಟ್ಟಲು ಬೇಕು. ಅದು ಬಾವಿಯ ಗೋಡೆಗೆ ಉಜ್ಜಿದರೆ ಅಲ್ಯೂಮಿನಿಯಂ ಗೀರಿ, ಟ್ಯಾಪೆಟ್ ಸಿಕ್ಕಿಕೊಳ್ಳುತ್ತದೆ. ಹೆಡ್ ಇಳಿಸದಿದ್ದರೂ ಇಲ್ಲಿ ಕ್ಯಾಮ್‌ಗಳನ್ನು ಬಿಚ್ಚಬೇಕಾದುದರಿಂದ, ಟೈಮಿಂಗ್ ಗುರುತುಗಳನ್ನು ತಿಳಿದವರು ಮಾತ್ರ ಕೈಹಾಕುವುದು ಲೇಸು.

ಇವಲ್ಲದೆ, ಸುತ್ತಿಗೆಯಿಂದ ಬಡಿದು ಲಾಕ್ ಬಿಡಿಸುವ, ಒಳಗೆ ಅಯಸ್ಕಾಂತವಿರುವ ಕೊಳವೆಯೂ ಮಾರಾಟಕ್ಕಿದೆ. ಇಳಿಸಿದ ಹೆಡ್ಡಿನಿಂದ ಲಾಕ್ ಬಿಡಿಸಲು ಇದು ಚುರುಕು. ಮರಳಿ ಕೂರಿಸುವಾಗ ಲಾಕ್ ಸರಿಯಾಗಿ ಕೂತಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣದು. ಇದೊಂದನ್ನೇ ನೆಚ್ಚಿ ಕೊಳ್ಳುವುದನ್ನು ನಾವು ಸಲಹೆ ಮಾಡುವುದಿಲ್ಲ.

ಹೆಡ್ ಇಳಿಸದಿದ್ದರೆ ವಾಲ್ವಿಗೆ ಆಧಾರವೇನು?

ಎರಡನೆಯ ಮತ್ತು ಮೂರನೆಯ ಬಗೆಗಳು ರಿಟೇನರನ್ನು ಒತ್ತುತ್ತವೆಯೇ ಹೊರತು ವಾಲ್ವನ್ನು ಹಿಡಿಯುವುದಿಲ್ಲ. ಲಾಕ್ ತೆಗೆದ ಕ್ಷಣ ವಾಲ್ವ್ ಸಿಲಿಂಡರಿಗೆ ಜಾರಬಹುದು. ಪೂರಾ ಒಳಬಿದ್ದರೆ, ಇಳಿಸಬಾರದೆಂದು ಕೊಂಡ ಲಿಫ್ಟರಿನಿಂದಲೇ ಹೆಡ್ ಇಳಿಸುವ ಕೆಲಸ ಬಂದಂತೆ. ಇದಕ್ಕೆ ಎರಡು ಉಪಾಯಗಳುಂಟು.

ಮೊದಲನೆಯದು ಗಾಳಿ. ಸ್ಪಾರ್ಕ್ ಪ್ಲಗ್ಗಿನ ತೂತಿಗೆ ತಿರುಪಿನ ನಳಿಕೆ ಹಾಕಿ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಗಾಳಿ ತುಂಬುವುದು. ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಡದ ಗಾಳಿ 34 ಮಿಲಿಮೀಟರ್ ಅಗಲದ ವಾಲ್ವನ್ನು ಸುಮಾರು 54 ಕಿಲೋ ಬಲದಿಂದ ಮೇಲಕ್ಕೆ ಹಿಡಿಯುತ್ತದೆ. ಆಧಾರಕ್ಕೆ ಅದು ಸಾಕು. ಆದರೆ ಅದೇ ಗಾಳಿ ಪಿಸ್ಟನ್ನನ್ನೂ ತಳ್ಳುತ್ತದೆ ಎಂಬುದನ್ನು ಮರೆಯಬಾರದು. ಮಾರುತಿ 800ರ ಸಿಲಿಂಡರಿನ ಅಗಲ 68.5 ಮಿಲಿಮೀಟರ್, ಅದರ ಪಿಸ್ಟನ್ ಮೇಲೆ ಬೀಳುವ ಬಲ 220 ಕಿಲೋ ದಾಟುತ್ತದೆ. ಪಿಸ್ಟನ್ ಸರಿಯಾಗಿ ತುದಿಯಲ್ಲಿ ನಿಲ್ಲದಿದ್ದರೆ ಕ್ರ್ಯಾಂಕ್ ಥಟ್ಟನೆ ತಿರುಗಿ, ಪುಲ್ಲಿಯ ಮೇಲೆ ಬಿಟ್ಟ ಸ್ಪ್ಯಾನರ್ ಕೈಗೆ ಹೊಡೆಯುತ್ತದೆ. ಸ್ಪ್ಯಾನರ್ ತೆಗೆದಿಡಿ, ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಬಿಡಿ. ಕೆಲಸದ ನಡುವೆ ವಿದ್ಯುತ್ ಹೋದರೆ ಆಧಾರವೂ ಹೋಗುತ್ತದೆ. ನಮ್ಮ ಕಡೆ ಇದು ದೊಡ್ಡ ಮಾತು.

ಎರಡನೆಯದು ಹಗ್ಗ. ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೇರುತ್ತಿರುವಾಗ ಅರ್ಧದಲ್ಲಿ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಶುದ್ಧವಾದ ನೈಲಾನ್ ಹಗ್ಗವನ್ನು ತುಂಬಬೇಕು. ತುದಿಗೆ ಗಂಟು ಹಾಕಿ ಹೊರಗೆ ಬಿಟ್ಟಿರಬೇಕು. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಹಗ್ಗವನ್ನು ವಾಲ್ವುಗಳ ಕೆಳಗೆ ಒತ್ತಿ ನಿಲ್ಲುತ್ತದೆ. ಸ್ಟಾರ್ಟರ್ ಮುಟ್ಟಲೇಬಾರದು. ತೆಂಗಿನ ನಾರಿನ ಹಗ್ಗ, ಗೋಣಿಯ ಹುರಿ ಎಂದಿಗೂ ಬೇಡ; ಉದುರಿದ ನಾರು ವಾಲ್ವಿನ ಸೀಟಿನಲ್ಲಿ ಕೂತು ತೊಂದರೆ ಕೊಡುತ್ತದೆ. ಕಂಪ್ರೆಸರ್ ಬೇಕಿಲ್ಲ, ವಿದ್ಯುತ್ ಬೇಕಿಲ್ಲ, ಖರ್ಚೂ ಇಲ್ಲ. ತೋಟದ ಷೆಡ್ಡಿಗೆ ನಾವು ಮೊದಲು ಹೇಳುವುದು ಇದನ್ನೇ.

ಡೀಸೆಲ್ ಗಾಡಿಯವರಿಗೆ ಈ ಉಪಾಯಗಳು ಹಾಗೆಯೇ ಒಪ್ಪುವುದಿಲ್ಲ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ಗಿನ ತೂತು ಕಿರಿದು, ಕೆಲವು ಎಂಜಿನ್‌ಗಳಲ್ಲಿ ಅದು ನೇರವಾಗಿ ಸಿಲಿಂಡರಿಗೆ ತೆರೆಯುವುದೂ ಇಲ್ಲ. ವಾಲ್ವುಗಳು ನೆಟ್ಟಗೆ ನಿಂತಿರುವ ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ, ಪಿಸ್ಟನ್ ತುತ್ತತುದಿಯಲ್ಲಿದ್ದಾಗ ವಾಲ್ವ್ ಅದರ ಮೇಲೆಯೇ ಕೂತು ನಿಲ್ಲುವಷ್ಟು ಅಂತರ ಕಡಿಮೆ. ಆದರೆ ತಮ್ಮ ಎಂಜಿನ್ ಹಾಗಿದೆಯೇ ಎಂದು ಕೈಪಿಡಿಯಿಂದ ತಿಳಿದುಕೊಂಡೇ ಮುಂದುವರಿಯಬೇಕು.

ಕೊಳ್ಳುವ ಮುನ್ನ ಅಳತೆ

ಒಂದು ಚೀಟಿಯಲ್ಲಿ ನಾಲ್ಕು ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ.

ಒಂದು, ರಿಟೇನರಿನ ಹೊರ ಅಗಲ. ಕವೆ ಅಥವಾ ಬಟ್ಟಲು ಇದರ ಅಂಚನ್ನು ಹಿಡಿಯಬೇಕು. ದೊಡ್ಡದಾದರೆ ಜಾರುತ್ತದೆ, ಚಿಕ್ಕದಾದರೆ ಲಾಕನ್ನೇ ಮುಚ್ಚುತ್ತದೆ.

ಎರಡು, ವಾಲ್ವಿನ ಮುಖದಿಂದ ರಿಟೇನರಿನ ಮೇಲ್ಭಾಗದವರೆಗಿನ ಎತ್ತರ. ಸಿ-ಕ್ಲಾಂಪಿನ ಬಾಯಿ ಇದಕ್ಕಿಂತ ಹೆಚ್ಚು ತೆರೆಯಬೇಕು.

ಮೂರು, ಹೆಡ್ಡಿನ ಅಂಚಿನಿಂದ ವಾಲ್ವಿನ ನಡುವಿನವರೆಗಿನ ದೂರ. ಕ್ಲಾಂಪಿನ ಕೊರಳು ಇಷ್ಟು ಆಳವಿರಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಬಾಯಿ ತೆರೆದರೂ ಕೊರಳು ತಲುಪದೆ ಕ್ಲಾಂಪ್ ಹೆಡ್ಡಿನ ಅಂಚಿಗೆ ತಾಗಿ ನಿಲ್ಲುತ್ತದೆ.

ನಾಲ್ಕು, ಬಕೆಟ್ ಟ್ಯಾಪೆಟ್ ಇರುವ ಎಂಜಿನ್ ಆದರೆ ಆ ಬಾವಿಯ ಒಳ ಅಗಲ ಮತ್ತು ಆಳ.

ಅಂಗಡಿಯಲ್ಲಿ ಕ್ಲಾಂಪನ್ನು ಪೂರಾ ಮುಚ್ಚಿ, ಎರಡು ತುದಿಗಳೂ ಒಂದೇ ನೇರದಲ್ಲಿ ಸೇರುತ್ತವೆಯೇ ನೋಡಿ. ಪಕ್ಕಕ್ಕೆ ಅಲುಗಾಡಿಸಿದಾಗ ಕೀಲು ಸಡಿಲವಾಗಿದ್ದರೆ ಅದನ್ನು ಅಲ್ಲಿಯೇ ಬಿಡಿ. ಬಡಿದು ಮಾಡಿದ ಉಕ್ಕಿನ ಚೌಕಟ್ಟು, ದಪ್ಪ ಹಲ್ಲಿನ ತಿರುಪು, ತುದಿಯಲ್ಲಿ ತಿರುಗುವ ಗುಂಡಿ ಇದ್ದರೆ ಬಾಳಿಕೆ ಬರುತ್ತದೆ. ಇಪ್ಪತ್ತು ತುಣುಕಿನ ಪೆಟ್ಟಿಗೆಗಿಂತ, ನಮಗೆ ಬೇಕಾದ ಎರಡು ಬಟ್ಟಲುಗಳಿರುವ ಗಟ್ಟಿ ಕ್ಲಾಂಪ್ ಒಂದು ಮೇಲು.

ಬಳಸುವಾಗ

ಕಣ್ಣಿಗೆ ಕನ್ನಡಕವಿಲ್ಲದೆ ಸ್ಪ್ರಿಂಗ್ ಮುಟ್ಟಬಾರದು. ಹಳೆಯ ಲಾಕ್ ರಿಟೇನರಿಗೆ ಅಂಟಿಕೊಂಡಿರುತ್ತದೆ. ಆಗ ಲಿಫ್ಟರನ್ನು ಬಲವಾಗಿ ಬಿಗಿಯುತ್ತ ಹೋದರೆ ಅದರ ಚೌಕಟ್ಟೇ ಬಾಗುತ್ತದೆ. ಇಳಿಸಿದ ಹೆಡ್ಡಿನಲ್ಲಾದರೆ, ಲಿಫ್ಟರ್ ಹಾಕುವ ಮುನ್ನವೇ ರಿಟೇನರಿನ ಮೇಲೊಂದು ಬಾಕ್ಸ್ ಸಾಕೆಟ್ ಇಟ್ಟು, ಮೃದು ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು ಕೊಟ್ಟರೆ ಅಂಟು ಬಿಡುತ್ತದೆ. ಲಾಕ್ ಸಡಿಲಾಗುವಷ್ಟು ಮಾತ್ರ ಒತ್ತಿ. ಅತಿಯಾಗಿ ಒತ್ತಿದರೆ ರಿಟೇನರ್ ಇಳಿದು ಹೊಸ ಸೀಲನ್ನು ಜಜ್ಜುತ್ತದೆ.

ತೆಗೆದ ಭಾಗಗಳನ್ನು ಕಲಸಬಾರದು. ಒಂದು ಅಡಿಕೆ ಹಾಳೆಯ ತಟ್ಟೆಗೆ ಎಂಟು ತೂತು ಕೊರೆದು, ಸಂಖ್ಯೆ ಬರೆದು ವಾಲ್ವುಗಳನ್ನು ನಿಲ್ಲಿಸಿದರೆ ಯಾವುದು ಎಲ್ಲಿಯದೆಂಬ ಗೊಂದಲವಿಲ್ಲ. ಹಳೆಯ ಸ್ಪ್ರಿಂಗಿನ ಎತ್ತರವನ್ನು ಕೈಪಿಡಿಯ ಅಂಕಿಯೊಡನೆ ಹೋಲಿಸಿ, ಮೂಲೆಮಟ್ಟಕ್ಕೆ ನಿಲ್ಲಿಸಿ ವಾಲಿದೆಯೇ ನೋಡಿ. ಒಂದು ಸೋತಿದ್ದರೆ ಎಲ್ಲವನ್ನೂ ಬದಲಿಸುವುದೇ ಕ್ರಮ. ಒಂದು ಕಡೆ ಸುರುಳಿ ಒತ್ತಾಗಿರುವ ಸ್ಪ್ರಿಂಗ್ ಆದರೆ ಆ ಕಡೆ ಹೆಡ್ಡಿಗೆ ಬರಬೇಕು. ಲಾಕಿಗೆ ಚಿಟಿಕೆ ಗ್ರೀಸ್ ಸವರಿದರೆ ದಂಡಕ್ಕೆ ಅಂಟಿ ನಿಲ್ಲುತ್ತದೆ. ಲಿಫ್ಟರ್ ಬಿಚ್ಚಿದ ಮೇಲೆ ಎರಡು ಹೋಳುಗಳೂ ಸಮನಾಗಿ ಕೂತಿವೆಯೇ ಎಂದು ಬೆಳಕು ಹಿಡಿದು ನೋಡಿ. ದಂಡದ ತಲೆಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಖಚಿತ ಮಾಡಿಕೊಳ್ಳಿ. ಅರ್ಧ ಕೂತ ಲಾಕ್ ಓಡುವಾಗ ಹಾರಿದರೆ ವಾಲ್ವ್ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು. ಅದು ಘಾಟಿಯ ತಿರುವಿನಲ್ಲಿ ಆಗಬಾರದೆಂಬುದಿಲ್ಲ.

ಸಂಘದ ಸಲಹೆ

ಈ ಕೆಲಸ ಒಂದು ಗಾಡಿಗೆ ಹಲವು ವರ್ಷಕ್ಕೊಮ್ಮೆ ಬರುವಂಥದ್ದು. ಮನೆಗೊಂದು ಲಿಫ್ಟರ್ ಕೊಂಡು ತುಕ್ಕು ಹಿಡಿಸುವುದಕ್ಕಿಂತ, ಗೊಬ್ಬರದಂತೆಯೇ ಇದರಲ್ಲಿಯೂ ಒಟ್ಟುಗೂಡುವುದು ಲಾಭದಾಯಕ. ಆಳವಾದ ಕೊರಳಿನ ಸ್ಕ್ರೂ ಸಿ-ಕ್ಲಾಂಪ್ ಒಂದು, ಪುಷ್ ರಾಡ್ ಎಂಜಿನ್‌ಗೆ ಸನ್ನೆ ಒಂದು, ಪೆಟ್ರೋಲ್ ಜೀಪಿಗೆ ಇಕ್ಕಳ ಒಂದು. ಈ ಮೂರಿದ್ದರೆ ನಮ್ಮ ಸದಸ್ಯರ ಹಳೆಯ ಗಾಡಿಗಳಲ್ಲಿ ಬಹುಪಾಲಿಗೆ ಸಾಕಾಗುತ್ತದೆ. ಇವುಗಳನ್ನು ಸಂಘದ ವತಿಯಿಂದ ಕೊಂಡು, ರಿಜಿಸ್ಟರಿನಲ್ಲಿ ಸಹಿ ಪಡೆದು, ಠೇವಣಿಯ ಮೇಲೆ ಎರವಲು ಕೊಡುವ ವಿಷಯವನ್ನು ಮುಂದಿನ ಸಭೆಯ ಮುಂದೆ ಇಡಲಿದ್ದೇವೆ. ಆಸಕ್ತಿಯುಳ್ಳವರು ತಮ್ಮ ಗಾಡಿಯ ಹೆಸರು, ಎಂಜಿನ್ ಮತ್ತು ಮೇಲೆ ಹೇಳಿದ ಅಳತೆಗಳಲ್ಲಿ ಗೊತ್ತಿರುವುದನ್ನು ಬರೆದು ಕಚೇರಿಗೆ ತಲುಪಿಸಿದರೆ, ಅಳತೆ ನೋಡಿಯೇ ಕೊಳ್ಳಲು ಅನುಕೂಲವಾಗುತ್ತದೆ.

ತಾವೇ ಕೊಳ್ಳುವವರಿಗೂ ನಮ್ಮ ಮಾತು ಇಷ್ಟೇ. ಮೊದಲು ಹೆಡ್ ಇಳಿಯುವುದೋ ಇಲ್ಲವೋ ತೀರ್ಮಾನಿಸಿ. ಬಳಿಕ ವಾಲ್ವ್ ಎಲ್ಲಿ ನಿಂತಿದೆ ನೋಡಿ, ಅಳತೆ ತೆಗೆಯಿರಿ. ಬೆಲೆಯನ್ನು ಕೊನೆಯಲ್ಲಿ ಕೇಳಿ.